ಕೊನೆಯ ಚುಕ್ಕೆಯ ಗೆರೆ

ಹೆಬ್ಬೆರಳಿನ ಉಗುರನ್ನು ಭತ್ತದ ತುದಿಗೆ ಒತ್ತಿ, ಸಿಪ್ಪೆ ಬಾಯಿಬಿಟ್ಟ ಕೂಡಲೇ ಒಳಗಿನ ಅಕ್ಕಿಯನ್ನು ಮುರಿಯದ ಹಾಗೆ ಹೊರಗೆ ತಳ್ಳಿ, ಉಮಾವತಿ ಅದನ್ನು ಮಡಿಲ ಮೇಲಿನ ಸ್ಟೀಲ್ ತಟ್ಟೆಗೆ ಬೀಳಿಸಿದಳು. ಬಿದ್ದ ಸದ್ದು ಕೇಳಿಸಲಿಲ್ಲ. ಹಸಿ ಭತ್ತ, ಅಕ್ಕಿ ಇನ್ನೂ ಗಟ್ಟಿಯಾಗಿರಲಿಲ್ಲ, ಉಗುರು ತುಸು ಜೋರಾದರೆ ಹಾಲು ಬಿಟ್ಟು ಬೆರಳಿಗೆ ಅಂಟುತ್ತಿತ್ತು. ಅಂಟಿದ್ದನ್ನು ಸೆರಗಿಗೆ ಒರೆಸದೆ ತಟ್ಟೆಯ ಅಂಚಿಗೇ ಒರೆಸಿದಳು. ಹೊಸ್ತಿನ ಅಕ್ಕಿ, ಒಂದು ಚೂರೂ ನೆಲಕ್ಕೆ ಬೀಳಬಾರದು. ಇವತ್ತು ಮನೆಯೊಡತಿ ಗಿರಿಜಳಲ್ಲಿ ಹೊಸ್ತು, ಹೊಸ ಅಕ್ಕಿ ಉಣ್ಣುವ ಹಬ್ಬ. ಗದ್ದೆಯ ಮೊದಲ ಕದಿರು ಬೆಳಿಗ್ಗೆಯೇ ಮನೆಗೆ ಬಂದು, ಬಾಗಿಲಿಗೆ, ಬಾವಿಯ ರಾಟೆಗೆ, ಅಕ್ಕಿ ಡಬ್ಬಕ್ಕೆ, ಅಂಗಳದ ಸ್ಕೂಟರಿಗೆ ಮಾವಿನೆಲೆಯ ಜೊತೆ ಕಟ್ಟಿಸಿಕೊಂಡು ಆಗಿತ್ತು. ಉಳಿದದ್ದು ಹೀಗೆ ಬೆರಳಲ್ಲಿ ಸುಲಿಸಿಕೊಂಡು ಮಧ್ಯಾಹ್ನದ ಪಾಯಸ ಸೇರಬೇಕು. ಬಾಡಿಗೆಗಿರುವ ಒಂಟಿ ಹೆಂಗಸು, ರಿಟೈರಾದವಳು, ಬೇರೆ ಕೆಲಸವಿಲ್ಲ, ಅದಕ್ಕೇ ಇದನ್ನು ತನ್ನ ಮಡಿಲಿಗೆ ಹಾಕಿ ಹೋಗಿದ್ದಾಳೆ ಎಂದು ಒಂದು ಕ್ಷಣ ಅನ್ನಿಸಿತ್ತು. ಮರುಕ್ಷಣ ನಾಚಿಕೆಯಾಯಿತು. ಗಿರಿಜ ಅಂಥವಳಲ್ಲ. ಅಂಥವಳು ತಾನು. ಯಾರು ಏನು ಕೊಟ್ಟರೂ ಅದರ ಹಿಂದೆ ಏನಿದೆ ಎಂದು ನೋಡುವುದು ತನ್ನ ಅಭ್ಯಾಸ. ಆದರೂ ಒಂದೊಂದು ಭತ್ತ ಬಾಯಿಬಿಡುವಾಗಲೂ ಒಳಗೆ ಸಣ್ಣ ಅಳುಕು. ಒಂದು ವಸ್ತುವಿನ ಒಳಗೆ ಏನಿದೆ ಎಂಬುದನ್ನು ಅದನ್ನು ಒಡೆಯದೆ, ಮುಟ್ಟದೆ, ಬರೇ ಬೆಳಕು ಹಾಯಿಸಿ ತಿಳಿಯುವ ಕೆಲಸದಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವಳಿಗೆ ಉಗುರು ಹಾಕಿ ಸುಲಿಯುವುದು ಏನೋ ಒರಟುತನ ಅನ್ನಿಸುತ್ತಿತ್ತು.

"ಹ್ವಾಯ್ ಉಮಕ್ಕ, ಸಾಕ್ ಬಿಡಿ. ಹೆಸ್ರಿಗ್ ಒಂದ್ ಮುಷ್ಟಿ ಆರೆ ಆಯ್ತ್," ಎಂದು ಗಿರಿಜ ಒಳಗಿಂದ ಕೂಗಿದಳು. ಕಾಯಿಹಾಲಿನ ವಾಸನೆ ಅವಳ ಮಾತಿಗಿಂತ ಮೊದಲು ಬಂತು. "ಮತ್ತೆ ಕಾಣಿ, ಮಧ್ಯಾಹ್ನ ಎಲ್ಲಿಗೂ ಹೋಪ್ಕಾಗ. ಅತ್ತೆ ಮುಂಬೈಯಲ್ಲ್ ಕೂಕಂಡಿರ್. ಈ ಸಲ ಮನೇಲ್ ಹಿರಿಯೋರ್ ಅಂದೇಳಿ ಇಪ್ಪುದ್ ನೀವ್ ಒಬ್ರೇ. ನಾವೆಲ್ಲ ನಿಮ್ಮತ್ರ ಕೇಣ್ಕಂಡೇ ಉಂಬುದ್."

"ನಾನ್ ನಿಮ್ಮನೆಯವ್ಳ್ ಅಲ್ದಲ್ಲೇ."

"ಬಾಡಿಗಿ ಕೊಟ್ರೆ ಹಿರಿಯೋರ್ ಆಪ್ಕಿಲ್ಲ್ಯಾ?" ಎಂದು ನಕ್ಕು ಗಿರಿಜ ಹೊರಗೆ ಬಂದಳು, ಕೈಯಲ್ಲಿ ಸೌಟು ಹಾಗೇ ಇತ್ತು. "ನೀವ್ ಯಾರ್ ಹತ್ರ ಕೇಂತ್ರಿ ಅದೊಂದ್ ಗೊತ್ತಿಲ್ಲೆ. ನಿಮ್ಗಿಂತ ಹಿರಿಯೋರನ್ನ ಬಸ್ರೂರ್ ಪೇಟೆಯಲ್ಲ್ ಹುಡ್ಕ್ಬೇಕಷ್ಟೆ."

ಉಮಾವತಿಯೂ ನಕ್ಕಳು. ತಟ್ಟೆ ಕೊಟ್ಟಳು. "ಒಂಚೂರ್ ಸಾಸ್ತಾನದವರೆಗ್ ಹೋಯಿ ಬತ್ತೆ. ಎಲೆ ಹಾಕುದ್ರೊಳ್ಗ್ ಬತ್ತೆ," ಎಂದು ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡಳು. ಹಾಗೆ ಹೋಗುವುದೆಂದು ಆ ಹೊತ್ತಿನ ತನಕ ನಿಶ್ಚಯವಿರಲಿಲ್ಲ. ಗಿರಿಜ ಹೇಳಿದ 'ಕೇಂತ್ರಿ', ಯಾರನ್ನು ಕೇಳುತ್ತೀರಿ, ಎಂಬ ಮಾತು ಎಲ್ಲೋ ಹೋಗಿ ತಾಗಿ, ಬಾಯಿ ಮೊದಲು ಹೊರಟಿತ್ತು.

ಕೋಣೆಯಲ್ಲಿ ಸೀರೆ ಬದಲಿಸುವಾಗ ಚೀಲದೊಳಗಿನ ಕಾಗದ ಸದ್ದು ಮಾಡಿತು. ಸುಜನ್ ಕಳಿಸಿದ್ದು, ಮಳೆಗಾಲದ ಮೊದಲಲ್ಲಿ ಬಂದದ್ದು, ಈಗ ಮಳೆ ಮುಗಿದು ಕದಿರು ಬಂದಿದೆ. ಮಡಚಿದ ಜಾಗದಲ್ಲಿ ಕಾಗದ ಮೆತ್ತಗಾಗಿ ಬಟ್ಟೆಯ ಹಾಗಾಗಿತ್ತು. ಅದರಲ್ಲಿ ಬರೆದದ್ದು ಬಹಳ ಇಲ್ಲ. ಹಳೆಯ ಅಳತೆಗಳನ್ನೆಲ್ಲ ಸೇರಿಸಿ ಲೇಖನ ಸಿದ್ಧವಾಗಿದೆ. ಹೆಸರಿದ್ದವರೆಲ್ಲ ಒಪ್ಪಿಗೆ ಕೊಟ್ಟಾಗಿದೆ. ತೀರಿಹೋದ ಶ್ರೀ ಗುಣಪಾಲರ ಪರವಾಗಿ, ಅವರ ಜೊತೆ ಹತ್ತಿರದಿಂದ ಕೆಲಸ ಮಾಡಿದವರೊಬ್ಬರು, ಅವರು ಈ ಫಲಿತಾಂಶವನ್ನು ಕಂಡು ಒಪ್ಪಿದ್ದರು ಎಂದು ಒಂದು ಪತ್ರ ಕೊಡಬೇಕು. ತಾವು ಕೊಟ್ಟರೆ ಆಯಿತು. ಕೆಳಗೆ ಸಹಿಗೆ ಚುಕ್ಕೆಗಳ ಸಾಲು. ಅಷ್ಟೇ. ಒಂದು ಸಹಿ. ಬ್ರಹ್ಮಾವರದ ಈ ಹುಡುಗ ಪ್ರಯೋಗಾಲಯಕ್ಕೆ ಸೇರಿದ್ದು ಅವಳು ನಿವೃತ್ತಳಾಗುವ ವರ್ಷ. ಅವನ ಕೆಲಸ ಖಾಯಂ ಆಗಬೇಕಾದರೆ ಈ ಲೇಖನ ಬರಬೇಕು. ಲೇಖನದಲ್ಲಿ ಜನ ನೋಡುವುದು ಒಂದೇ ಚಿತ್ರ, ಚಿತ್ರದಲ್ಲಿ ನೋಡುವುದು ಕೊನೆಯ ಚುಕ್ಕೆ. ಆ ಚುಕ್ಕೆ ಅವಳದ್ದು. ಇಡೀ ಬದುಕಿನಲ್ಲಿ ನನ್ನದು ಎಂದು ಅವಳು ಒಳಗೊಳಗೇ ಹೇಳಿಕೊಂಡದ್ದು ಅದೊಂದನ್ನೇ. ಗುಣಪಾಲ ಅದನ್ನು ಒಪ್ಪಿದ್ದನೇ?

ಕುಂದಾಪುರದ ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಗದ್ದೆಗಳು ಹಳದಿಗೆ ತಿರುಗುವುದರಲ್ಲಿದ್ದವು. ಹತ್ತಿರದ ಗದ್ದೆಯಲ್ಲಿ ಪ್ರತಿ ತೆನೆ ಬೇರೆ ಬೇರೆ ಕಾಣುತ್ತದೆ, ದೂರದ್ದು ಒಂದೇ ಬಣ್ಣ. ಒಂದೇ ಲೋಹದ ಪರಮಾಣುಗಳೂ ಹಾಗೆಯೇ, ದೂರದಿಂದ ಎಲ್ಲ ಒಂದೇ. ಹತ್ತಿರ ಹೋದರೆ ಒಂದರ ನಡುವಿನ ಬೀಜದಲ್ಲಿ, ನ್ಯೂಕ್ಲಿಯಸ್ಸಿನಲ್ಲಿ, ನ್ಯೂಟ್ರಾನ್ ಒಂದು ಹೆಚ್ಚು, ಇನ್ನೊಂದರಲ್ಲಿ ಎರಡು ಹೆಚ್ಚು. ಸುತ್ತುವ ಎಲೆಕ್ಟ್ರಾನಿಗೆ ನ್ಯೂಟ್ರಾನಿನ ಗೊಡವೆ ಇಲ್ಲ. ನ್ಯೂಟ್ರಾನಿಗೆ ವಿದ್ಯುತ್ತಿಲ್ಲ, ಕರೆದರೆ ಓಗೊಡುವುದಿಲ್ಲ. ಆದರೆ ಹಾಗೆ ಸುಮ್ಮನೆ ಬಂದು ಸೇರಿಕೊಂಡವನಿಗೂ ಒಳಗಿನವರು ಸರಿದು ಜಾಗ ಕೊಡಬೇಕಾಗುತ್ತದೆ. ಬೀಜ ತುಸುವೇ ಹಿಗ್ಗುತ್ತದೆ. ಹಿಗ್ಗಿದರೆ ಆ ಪರಮಾಣು ಹೀರುವ ಬೆಳಕಿನ ಬಣ್ಣ ಊಹೆಗೂ ಸಿಗದಷ್ಟು ಸಣ್ಣಗೆ ಸರಿಯುತ್ತದೆ. ಲೇಸರಿನ ಬೆಳಕನ್ನು ಆ ಬಣ್ಣಕ್ಕೆ ತಂದು ನಿಲ್ಲಿಸಿದಾಗ ಮಾತ್ರ ಪರಮಾಣು ಮಿನುಗುತ್ತದೆ, ನಾನು ಇಲ್ಲಿದ್ದೇನೆ ಎಂದ ಹಾಗೆ. ಬೆಳಕು ಎಷ್ಟು ಸರಿದಿದೆ ಎಂದು ಅಳೆದರೆ ಬೀಜ ಎಷ್ಟು ದಪ್ಪ ಎಂದು ತಿಳಿಯುತ್ತದೆ. ಇದನ್ನು ಒಮ್ಮೆ ಗಿರಿಜಳಿಗೆ ಹೇಳಿದಾಗ ಅವಳು, "ಹಾಂಗಾರೆ ಹೊಟ್ಟೆಯೊಳ್ಗಿಪ್ಪುದನ್ನ ಮುಖ ಕಂಡ್ ಹೇಳ್ದಾಂಗೆ," ಎಂದಿದ್ದಳು. ಹೆಚ್ಚು ಕಡಿಮೆ ಹಾಗೇ. ಜೊತೆಯಿಲ್ಲದ ನ್ಯೂಟ್ರಾನ್ ಒಂದು ಉಳಿದ ಬೀಜ ಅಕ್ಕಪಕ್ಕದವಕ್ಕಿಂತ ಒಂಚೂರು ಕುಗ್ಗಿರುತ್ತದೆ ಎಂಬುದನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಅದನ್ನು ಹೇಳಿದ್ದರೆ ಗಿರಿಜ ಏನು ಹೇಳುತ್ತಿದ್ದಳೋ, ಕೇಳುವ ಧೈರ್ಯವಿರಲಿಲ್ಲ.

ಸರಿದದ್ದು ಎಷ್ಟು ಎನ್ನಬೇಕಾದರೆ ಎಲ್ಲಿಂದ ಎಂದು ಬೇಕಲ್ಲ. ಅದಕ್ಕೆ ಸ್ಥಿರವಾದದ್ದೊಂದು ಬೇಕು. ಹುಟ್ಟಿ ಕ್ಷಣದಲ್ಲಿ ಅಳಿಯುವ ಬೀಜಗಳನ್ನು ಅಳೆಯುವ ಮೊದಲು ಒಮ್ಮೆ, ಅಳೆದ ಮೇಲೆ ಒಮ್ಮೆ, ಎಂದೂ ಅಳಿಯದ ಬೀಜವನ್ನು ಅಳೆಯಬೇಕು. ಯಾಕೆಂದರೆ ಯಂತ್ರ ಬಿಸಿಯಾಗುತ್ತದೆ, ವೋಲ್ಟೇಜು ಹೇಳದೆ ಕೇಳದೆ ಜಾರುತ್ತದೆ. ಮಧ್ಯದಲ್ಲಿ ನಿಮಗೆ ಕಂಡದ್ದು ಬೀಜ ಸರಿದದ್ದೋ ನಿಮ್ಮ ಯಂತ್ರವೇ ಸರಿದದ್ದೋ ಎಂದು ಹಿಂದಿರುಗಿ ಬಂದು ನೋಡಿದರೇ ಗೊತ್ತು. ಆ ಹಿಂದಿರುಗುವ ಕೆಲಸ ಗುಣಪಾಲನದ್ದು. ಯಾರೂ ಕೊಟ್ಟದ್ದಲ್ಲ, ಅವನೇ ವಹಿಸಿಕೊಂಡದ್ದು. ಎಲ್ಲರೂ ಹೊಸ ಬೀಜದ ಮಿನುಗಿಗೆ ಪರದೆಯ ಮುಂದೆ ಗುಂಪುಗೂಡುವಾಗ ಅವನು ಟೀ ಕುಡಿದು ಬರುತ್ತಿದ್ದ. ಎಲ್ಲರೂ ಎದ್ದು ಟೀಗೆ ಹೋದಾಗ ಕುರ್ಚಿ ಎಳೆದು ಕುಳಿತು ಹಳೆಯದನ್ನೇ ಮತ್ತೆ ಅಳೆಯುತ್ತಿದ್ದ. ಉಳಿದವು ಎಷ್ಟು ಸರಿದಿವೆ ಎಂದು ಎಣಿಸುವುದು ಅದರಿಂದಲೇ ಆದ್ದರಿಂದ, ಅತಿ ಹೆಚ್ಚು ಸಲ ಅಳೆದ ಆ ಬೀಜದ ಮುಂದೆ ಲೇಖನದ ಪಟ್ಟಿಯಲ್ಲಿ ಯಾವಾಗಲೂ ಸೊನ್ನೆ ಎಂದು ಬರೆದಿರುತ್ತದೆ. "ನನ್ ಕೆಲ್ಸದ್ ಫಲ ಕಾಣಿ ಉಮಕ್ಕ, ಸೊನ್ನೆ. ಅದೂ ಎಷ್ಟ್ ನಿಖರ," ಎನ್ನುತ್ತಿದ್ದ ನಗುತ್ತ.

ಕುಂದಾಪುರದಲ್ಲಿ ಇಳಿದು ಉಡುಪಿ ಬಸ್ಸು ಹತ್ತಿದಳು. ಕೋಟೇಶ್ವರ ದಾಟುವಾಗ ಹೆದ್ದಾರಿಯ ಬಿಸಿಲು ಕಣ್ಣಿಗೆ ಬಿತ್ತು, ಕಣ್ಣು ಮುಚ್ಚಿದರೆ ಆ ಮಧ್ಯಾಹ್ನ. ಕೊನೆಯ ಬೀಜ, ಸರಣಿಯಲ್ಲಿ ಅತ್ಯಂತ ದೂರದ್ದು, ಅಂಥವು ಬೆರಳೆಣಿಕೆಯಷ್ಟೇ ಬರುತ್ತಿದ್ದವು. ಪರದೆಯ ಮೇಲೆ ಏನೂ ಇಲ್ಲದಲ್ಲಿ ನಿಧಾನ ಒಂದು ದಿಬ್ಬ ಎದ್ದಿತು, ಅವಳು ಎಣಿಸಿದ್ದಕ್ಕಿಂತ ದೂರದಲ್ಲಿ. ಹಿಂದಿನ ಚುಕ್ಕೆಗಳೆಲ್ಲ ಒಂದೇ ಸಾಲಿನಲ್ಲಿ ಏರುತ್ತ ಬಂದಿದ್ದವು. ಇದು ಸಾಲು ಬಿಟ್ಟು ಮೇಲೆ ನಿಂತಿತು. ಬೀಜ ಇದ್ದಕ್ಕಿದ್ದ ಹಾಗೆ ಹಿಗ್ಗಿದೆ. ಗುಣಪಾಲ ಟೀ ಲೋಟ ಕೆಳಗಿಟ್ಟು, "ಈಗ ಹಳೆದಕ್ಕ್ ಹೋಪ," ಎಂದು ಸ್ವಿಚ್ಚಿಗೆ ಕೈ ಹಾಕುವುದಕ್ಕೂ ಆ ಬೀಜಗಳನ್ನು ಹುಟ್ಟಿಸುವ ವೇಗವರ್ಧಕ ನಿಲ್ಲುವುದಕ್ಕೂ ಸರಿಹೋಯಿತು. ಎಲ್ಲೋ ಪಂಪು ಸುಟ್ಟಿತ್ತು. ಯಾರ ತಪ್ಪೂ ಅಲ್ಲ. ಸರಿಯಾಗಲು ವಾರ ಬೇಕೆಂದರು, ವಾರದ ಮೇಲೆ ಸರದಿ ಬೇರೆಯವರದ್ದು, ಆಮೇಲೆ ಯಂತ್ರವನ್ನೇ ದುರಸ್ತಿಗೆ ಮುಚ್ಚಿದರು. ಹೋದ ದಾರಿಯ ಗುರುತಿತ್ತು, ಹಿಂದಿರುಗಿ ಬಂದದ್ದಿರಲಿಲ್ಲ. ಚಿತ್ರದ ಪ್ರತಿ ಚುಕ್ಕೆಯನ್ನು ಮೇಲಿಂದ ಕೆಳಕ್ಕೆ ಹಾದು ಒಂದು ಗೆರೆ ನಿಂತಿರುತ್ತದೆ, ನಮಗೆ ಗೊತ್ತಿಲ್ಲದ್ದು ಇಷ್ಟು ಎಂದು ತೋರಿಸಲು. ಕೊನೆಯ ಚುಕ್ಕೆಗೆ ಅವಳು ಸಣ್ಣ ಗೆರೆ ಹಾಕಿದಳು: ಅಷ್ಟು ದಿನದಲ್ಲಿ ಯಂತ್ರ ಜಾರಿದ್ದು ಕಡಿಮೆ, ಆ ದಿನವೂ ಕಡಿಮೆಯೇ ಇದ್ದೀತು. ಗುಣಪಾಲ ಉದ್ದ ಗೆರೆ ಹಾಕಿದ. ಅವನ ಗೆರೆ ಮೇಲಿನ ಚುಕ್ಕೆಯಿಂದ ಇಳಿದು ಬಂದು ಹಳೆಯ ಸಾಲನ್ನು ಮುಟ್ಟುತ್ತಿತ್ತು. ಅವಳದ್ದಾದರೆ ಹೊಸದೊಂದು ಕಂಡ ಹಾಗೆ. ಅವನದ್ದಾದರೆ ಕಂಡೀತು, ಕಾಣದೆಯೂ ಇದ್ದೀತು.

ಯಾವ ಗೆರೆ ಎಂದು ತೀರ್ಮಾನಿಸಲು ಎಲ್ಲರೂ ಸೇರಿದ ಸಭೆಯಲ್ಲಿ ಅವಳು ಹೇಳಿದ್ದು ಒಂದೇ ಮಾತು. ಸ್ಥಿರವಾದದ್ದರ ಎದುರೇ ಜೀವಮಾನ ಕೂತವರಿಗೆ ಹೊಸದು ಕಂಡರೆ ಹೆದರಿಕೆ ಆಗುವುದು ಸಹಜ. ಇಂಗ್ಲಿಷಿನಲ್ಲಿ ಹೇಳಿದ್ದಳು, ಊರಿನ ಮಾತಲ್ಲಾಗಿದ್ದರೆ ಬಾಯಿಗೆ ಬರುತ್ತಿರಲಿಲ್ಲವೇನೋ. ಎಲ್ಲರೂ ನಕ್ಕರು. ಗುಣಪಾಲನೂ ನಕ್ಕ, ಕನ್ನಡಕ ತೆಗೆದು ಒರೆಸಿದ, ಒರೆಸುತ್ತಲೇ ಇದ್ದ. ಸರಿ ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಮುಂದಿನ ಸಲ ನೋಡಿದರಾಯಿತು," ಎಂದ. ಮುಂದಿನ ಸಲ ಬರಲಿಲ್ಲ. ಸುಜನ್ ಸಿದ್ಧಮಾಡಿದ ಲೇಖನದಲ್ಲಿ ಇರುವುದು ಅವಳ ಸಣ್ಣ ಗೆರೆಯೇ.

"ಟೋಲ್ ಹತ್ರ ಇಳಿವವ್ರ್ ಯಾರ್?" ಎಂದು ಕಂಡಕ್ಟರ್ ಕೂಗಿದ. ಅವಳು ಎದ್ದಳು.

ಗುಣಪಾಲನ ಮನೆ ಹೆದ್ದಾರಿಯಿಂದ ಒಳಗೆ, ಗದ್ದೆಯ ಅಂಚಿನ ಮಣ್ಣುದಾರಿಯಲ್ಲಿ. ಒಮ್ಮೆಯೂ ಬಂದವಳಲ್ಲ. ಇಬ್ಬರೂ ಊರಿಗೆ ಮರಳಿದ ಮೇಲೆ ಇಷ್ಟು ವರ್ಷ ನಡುವೆ ಇದ್ದದ್ದು ಎರಡು ಬಸ್ಸಿನ ದಾರಿ. ದಾರಿಯಲ್ಲಿ ಕಂಡ ಹೆಂಗಸೊಬ್ಬಳನ್ನು ಕೇಳಬೇಕಾಯಿತು. ಆಕೆ ಚೀಲವನ್ನು ಮೇಲಿಂದ ಕೆಳಗೆ ನೋಡಿ, "ಇನ್ಶೂರೆನ್ಸಿನವ್ರಾ? ವನಜಕ್ಕಂಗ್ ದುಡ್ಡ್ ಬಂತಾ?" ಎಂದಳು. "ಅಲ್ಲ. ಸ್ನೇಹಿತರು," ಎಂದಳು ಉಮಾವತಿ. ಅಂದ ಮೇಲೆ ಆ ಮಾತು ಬಾಯಲ್ಲಿ ಸಾಲ ತಂದ ವಸ್ತುವಿನ ಹಾಗೆ ಉಳಿಯಿತು. ಮಣ್ಣುದಾರಿಯ ಬಲಕ್ಕೆ ಕಟಾವಿಗೆ ಬಂದ ಗದ್ದೆ. ಬೈಂದೂರಿನ ಕಡಲ ಬದಿಯ ಅವಳ ಮನೆಗೆ ಗದ್ದೆ ಇರಲಿಲ್ಲ, ದೋಣಿ ಇತ್ತು. ಹೊಸ್ತಿನ ಬೆಳಿಗ್ಗೆ ಗದ್ದೆಯಿದ್ದವರ ಅಂಚಿನ ಮೇಲೆ ನಿಂತು ನಾಲ್ಕು ಕದಿರು ಕೇಳಿ ತರುವ ಕೆಲಸ ಚಿಕ್ಕಂದಿನಲ್ಲಿ ಅವಳದ್ದು. ಯಾರೂ ಇಲ್ಲ ಎನ್ನುವುದಿಲ್ಲ, ಹೊಸ್ತಿನ ದಿನ ಕದಿರು ಕೇಳಿದರೆ ಕೊಡಲೇಬೇಕು. ಆದರೆ ಕೊಡುವವರು ನೋಡುವ ತನಕ ಕಾಲು ಕೆಸರಿನಲ್ಲಿ ಹೂತು ನಿಂತಿರಬೇಕು. ಇನ್ನು ಬದುಕಿನಲ್ಲಿ ಯಾರ ಹತ್ತಿರವೂ ಏನೂ ಕೇಳುವುದಿಲ್ಲ ಎಂದು ಆ ಅಂಚಿನ ಮೇಲೆ ಎಂದೋ ತೀರ್ಮಾನವಾಗಿ ಹೋಗಿತ್ತು. ಕೇಳದೆ ಓದಿದಳು, ಕೇಳದೆ ಹೋದಳು, ಕೇಳದೆ ಲೇಖನಗಳಲ್ಲಿ ಗುಣಪಾಲನ ಹೆಸರು ಸೇರಿಸಿದಳು. ಅವನು ಬೇಡ ಎನ್ನುವವನಲ್ಲ ಎಂದು. ಗದ್ದೆಯಿದ್ದ ಮನೆಯವನು ಅವನು. ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ಹೊಸ್ತಿನ ದಿನ ಗಂಟುಗಟ್ಟಿದ ಹಳೇ ಅಕ್ಕಿಯ ಅನ್ನದ ತಟ್ಟೆ ಹಿಡಿದು ಅವಳ ಮೇಜಿಗೆ ಬಂದು, "ಉಮಕ್ಕ, ಹೊಸ್ತ್ ಉಂತೆ," ಎನ್ನುತ್ತಿದ್ದವನು. ಊರಲ್ಲಿ ಹೀಗೆ 'ಉಣ್ಣುತ್ತೇನೆ' ಎಂದು ಹಿರಿಯರಿಗೆ ಹೇಳದೆ ಯಾರೂ ಹೊಸ್ತಿನ ತುತ್ತು ಬಾಯಿಗಿಡುವುದಿಲ್ಲ. ಇವಳು ಅವನಿಗಿಂತ ಕೆಲವೇ ತಿಂಗಳಿಗೆ ದೊಡ್ಡವಳು. "ಉಣ್," ಎನ್ನುತ್ತಿದ್ದಳು, ತಲೆ ಎತ್ತದೆ, ಎದುರಿನ ಕಾಗದ ಓದುತ್ತಲೇ. ಕಳೆದ ಹೊಸ್ತಿಗೆ ಮಧ್ಯಾಹ್ನ ಅವಳ ಫೋನು ಮೊಳಗಿತು. ಅವನ ಹೆಸರು ಬೆಳಗುತ್ತಿತ್ತು. ಏನಕ್ಕೆಂದು ಗೊತ್ತಿತ್ತು. ಬೆಳಕು ಆರುವ ತನಕ ಅವಳು ನೋಡುತ್ತ ಕೂತಿದ್ದಳು. ಬೇಸಗೆಯ ಮೊದಲಲ್ಲಿ ಅವನು ತೀರಿಕೊಂಡ ಸುದ್ದಿ ಬಂತು. ಹೋಗಲಿಲ್ಲ.

ಗುಣಪಾಲನ ಹೆಂಡತಿ ವನಜ ಜಗಲಿಯಲ್ಲಿ ಕಾಲು ಚಾಚಿ ಕೂತು ತೆಂಗಿನ ಗರಿಯಿಂದ ಕಡ್ಡಿ ತೆಗೆಯುತ್ತಿದ್ದಳು, ಹಿಡಿಸುಡಿ ಪೊರಕೆ ಕಟ್ಟಲು. ಚೂರಿ ಗರಿಯ ಮೇಲೆ ಜಾರುವ ಸದ್ದು ನಿಲ್ಲಲಿಲ್ಲ. ತಲೆ ಎತ್ತಿ ನೋಡಿದಳು. ಹೆಸರು ಹೇಳಬೇಕಾಗಿ ಬರಲಿಲ್ಲ.

"ಉಮಕ್ಕ ಅಲ್ದಾ? ಫೋಟೋದಲ್ಲ್ ಕಂಡಿದೆ. ಬನಿ, ಕೂಕಣಿ." ಮತ್ತೆ ಒಂದು ಕಡ್ಡಿ ತೆಗೆದು ಬದಿಗಿಟ್ಟಳು. "ಬಸ್ರೂರಿಂದ್ ಇಲ್ಲಿಗ್ ಬಪ್ಪುಕೆ ಒಂದ್ ಮಳೆಗಾಲ ಬೇಕಾಯ್ತ್ ಅಲ್ದಾ. ಹೊಳೆಯಲ್ಲ್ ನೀರ್ ಜಾಸ್ತಿ ಇದ್ದಿತಾ?"

ಉಮಾವತಿ ಜಗಲಿಯ ಅಂಚಿನಲ್ಲಿ ಕೂತಳು. ಬಾಗಿಲಲ್ಲಿ ಕದಿರಿರಲಿಲ್ಲ. ಈ ವರ್ಷ ಈ ಮನೆಗೆ ಹಬ್ಬವಿಲ್ಲ.

"ಒಂದ್ ಕೇಣ್ಕ್ ಅಂದೇಳಿ ಬಂದದ್ದ್," ಎಂದಳು ಕೊನೆಗೆ. ಕಾಗದ ತೆಗೆದು, ಇದು ಹೀಗೆ, ಹೀಗೆಂದು ಸಹಿ ಮಾಡಬೇಕು, ಗುಣಪಾಲ ಇದಕ್ಕೆ ಒಪ್ಪಿದ್ದನೋ ಇಲ್ಲವೋ ತನಗೆ ಗೊತ್ತಿಲ್ಲ, ತಾನು ಅವನ ಹತ್ತಿರ ಕೇಳಲಿಲ್ಲ, ಮನೆಯಲ್ಲಿ ಏನಾದರೂ ಹೇಳಿದ್ದನೇ ಎಂದು ಒಂದೇ ಉಸಿರಿಗೆ ಹೇಳಿದಳು. ಸಣ್ಣ ಗೆರೆ, ಉದ್ದ ಗೆರೆಯನ್ನು ನೆಲದ ಮೇಲೆ ಎರಡು ತೆಂಗಿನ ಕಡ್ಡಿ ಇಟ್ಟು ತೋರಿಸಿದಳು.

ವನಜ ಕಡ್ಡಿಗಳನ್ನು ನೋಡಿದಳು. "ನಂಗ್ ಇದೆಲ್ಲ ಎಂತ ಗೊತ್ತ್ ಅಕ್ಕ? ಮನೇಲ್ ಅದ್ರ ಸುದ್ದಿ ಮಾತಾಡ್ತಿರ್ಲಿಲ್ಲೆ. ಆರೆ ಒಂದ್ ಹೇಳ್ತೆ." ಚೂರಿ ಕೆಳಗಿಟ್ಟಳು. "ಮೀನ್ ಮಾರ್ಕೆಟಿಗ್ ಅವ್ರನ್ನ ಕರ್ಕಂಡ್ ಹೋಪುದೇ ಒಂದ್ ಮರ್ಯಾದಿಗೇಡ್. ಮೀನ್ ಹಾಕುದ್ರ ಮೊದ್ಲ್ ತಕ್ಕಡಿ ಖಾಲಿ ತೋರ್ಸ್ ಅಂಬ್ರ್. ಸೈ, ಅದನ್ನ ಎಲ್ಲರೂ ಕೇಂತ್ರ್. ಇವ್ರ್ ಮೀನ್ ತೆಗ್ದ್ ಚೀಲಕ್ಕ್ ಹಾಕಿದ್ ಮೇಲೂ ಇನ್ನೊಂದ್ ಸಲ ಖಾಲಿ ತೋರ್ಸ್ ಅಂಬ್ರ್. ಆ ಗುಲಾಬಿ ಒಂದಿನ ಬೈದ್ಲ್ ಕಾಣಿ, 'ಒಡೆಯ, ಬಂಗ್ಡಿ ನಿಮ್ ಚೀಲದಲ್ಲಿತ್ತ್, ತಕ್ಕಡಿ ನನ್ ಕೈಯಲ್ಲಿತ್ತ್, ಮತ್ತೆಂತ ನನ್ ಜಾತ್ಕ ಕಾಂತ್ರ್ಯಾ' ಅಂದೇಳಿ. ಇಡೀ ಮಾರ್ಕೆಟ್ ನೆಗಾಡ್ತ್. ಇವ್ರೂ ನೆಗಾಡಿರ್. ಕನ್ನಡ್ಕ ತೆಗ್ದ್ ಒರ್ಸ್ಕಂಡ್ ಅಲ್ಲೇ ನಿಂತಿರ್. ಖಾಲಿ ತಕ್ಕಡಿ ಕಂಡೇ ಬಂದದ್ದ್."

ಉಮಾವತಿ ನಗಲು ಹೋದಳು, ಆಗಲಿಲ್ಲ.

"ಅಂಥ ಮನ್ಷ ನಿಮ್ ಸಣ್ಣ ಗೀಟಿಗ್ ಒಪ್ಪಿದ್ರಾ ಅಂದೇಳಿ ನನ್ನತ್ರ ಕೇಣ್ಕಾ?" ಎಂದಳು ವನಜ. ದನಿಯಲ್ಲಿ ಸಿಟ್ಟಿರಲಿಲ್ಲ. ಒಳಗೆ ಹೋಗಿ ನೀರು, ಬೆಲ್ಲ ತಂದಿಟ್ಟಳು. "ಕಳ್ದ್ ಹೊಸ್ತಿಗ್ ನಿಮ್ಗ್ ಫೋನ್ ಮಾಡಿರ್. ಎಲೆ ಮುಂದ್ ಕೂಕಂಡ್."

"ಗೊತ್ತಿತ್ತ್."

"ನೀವ್ ಎತ್ಲಿಲ್ಲೆ. 'ಬಚ್ಚಲಿಗ್ ಮೀಂಬುಕೆ ಹೋಯಿರ್ ಕಾಣತ್ತ್' ಅಂದ್ರ್. ಮಧ್ಯಾಹ್ನ ಮೂರ್ ಗಂಟಿಗ್ ಯಾರ್ ಮೀಂತ್ರ್ ಅಂದೆ ನಾನ್." ವನಜ ಬೆಲ್ಲದ ತಟ್ಟೆಯನ್ನು ಹತ್ತಿರ ಸರಿಸಿದಳು. "ನಾನ್ ಹೇಳಿದೆ, ಅನ್ನ ತಣ್ದ್ ಹೋತ್, ಉಣಿ. ಕೇಣ್ದೆ ಉಂಬುದ್ ಹ್ಯಾಂಗೆ ಅಂಬ್ರ್. ಕಡಿಕ್ ಗೋಡೆಯ ಕ್ಯಾಲೆಂಡರ್ ಕಂಡ್ ಹೇಳಿರ್, 'ಉಮಕ್ಕ, ಉಂತೆ' ಅಂದೇಳಿ. ಹೇಳಿ ಉಂಡ್ರ್. ಎರಡ್ ಸಲ ಪಾಯ್ಸ ಹಾಕ್ಸ್ಕಂಡ್ರ್. ನೀವೆಂತ ಕಣ್ಣಲ್ಲ್ ನೀರ್ ತೆಗಿಬೇಡಿ, ಅವ್ರ್ ಉಪವಾಸ ಬೀಳ್ಳಿಲ್ಲೆ."

ಹಿಂದಿರುಗುವ ಬಸ್ಸಿನಲ್ಲಿ ಕೂರಲು ಜಾಗವಿರಲಿಲ್ಲ. ಕಂಬಿ ಹಿಡಿದು ನಿಂತು, ಇನ್ನೊಂದು ಕೈಯಲ್ಲಿ ಸುಜನ್‌ಗೆ ಫೋನು ಮಾಡಿದಳು. ಪಕ್ಕದ ಸೀಟಿನ ಮುದುಕ, ಇಷ್ಟು ವಯಸ್ಸಾದವಳಿಗೆ ಜಾಗ ಬಿಡಬೇಕೋ ಬೇಡವೋ ಎಂದು ಅವಳನ್ನು ನೋಡಿ, ತಾನೇ ಹೆಚ್ಚು ಮುದುಕ ಎಂದು ನಿರ್ಧರಿಸಿ ಕಿಟಕಿಯ ಕಡೆ ತಿರುಗಿದ.

"ಸುಜನ್, ಪತ್ರ ಇವತ್ ಕಳಿಸ್ತೆ. ಆರೆ ನೀವ್ ಬರ್ದ್ ಕೊಟ್ಟದ್ದಲ್ಲ. ಗುಣಪಾಲ ಒಪ್ಪಿದ್ರ್ ಅಂದ್ ಹೇಳುಕಾತಿಲ್ಲೆ ಅಂದೇಳಿ. ಕೊನೆ ಚುಕ್ಕಿಗ್ ಅವ್ರ್ ಹಾಕಿದ್ ಉದ್ದ ಗೆರೆಯೇ ಹಾಕ್ಕ್. ನನ್ ಹೆಸ್ರೂ ಅದ್ಕೇ ಇರ್ಲಿ."

ತೆಕ್ಕಟ್ಟೆಯಲ್ಲಿ ಜನ ಇಳಿದು ಹತ್ತಿದರು.

"ಮೇಡಂ, ಉದ್ದ ಗೆರೆ ಹಾಕ್ರೆ ಪೇಪರಲ್ಲ್ ಎಂತ ಉಳಿತ್ತ್? ಇತ್ತ್ ಅಂದೂ ಹೇಳುಕಾತಿಲ್ಲೆ, ಇಲ್ಲೆ ಅಂದೂ ಹೇಳುಕಾತಿಲ್ಲೆ."

"ನಾವ್ ಕಂಡದ್ದೇ ಅಷ್ಟ್."

"ನನ್ ಇಂಟರ್‌ವ್ಯೂ ಡಿಸೆಂಬರಲ್ಲ್, ಮೇಡಂ."

"ಗೊತ್ತಿತ್ತ್ ಸುಜನ್." ಅವನ ಅಮ್ಮ ಬ್ರಹ್ಮಾವರದ ಪೇಟೆಯಲ್ಲಿ ಕಂಡಾಗಲೆಲ್ಲ ಕೈ ಹಿಡಿದು, ನಿಮ್ಮ ದಯೆ ಎನ್ನುವುದು ನೆನಪಾಯಿತು.

"ಇದನ್ನ್ ಹೇಳುಕ್ ನೀವ್ ಇಷ್ಟ್ ತಿಂಗ್ಳ್ ತಕಂಡದ್ದಾ?" ಎಂದ. ಮೊದಲ ಬಾರಿ ಅವನ ದನಿಯಲ್ಲಿ ಮೇಡಂ ಇರಲಿಲ್ಲ. ಮತ್ತೆ ಉಸಿರು ಬಿಟ್ಟ. "ಸೈ. ಕಳ್ಸಿ. ಉದ್ದ ಗೆರೆ ಇದ್ರೆ ಯಂತ್ರದ್ ಟೈಮ್ ಇನ್ನೊಂದ್ಸಲ ಕೇಂಬುಕಾರೂ ಒಂದ್ ಕಾರಣ ಆತ್ತ್. ಕೊಡ್ತ್ರೋ ಬಿಡ್ತ್ರೋ."

"ಕೇಣಿ," ಎಂದಳು. ಕೇಳಿ ಎಂಬ ಮಾತು ತನ್ನ ಬಾಯಿಂದ ಇನ್ನೊಬ್ಬರಿಗೆ ಬಂದದ್ದು ಇದೇ ಮೊದಲು ಎಂದು ಫೋನು ಇಟ್ಟ ಮೇಲೆ ಹೊಳೆಯಿತು.

ಕುಂದಾಪುರದ ಬಸ್ ನಿಲ್ದಾಣದ ಹತ್ತಿರ ಚಂದ್ರನ ಜೆರಾಕ್ಸ್ ಅಂಗಡಿ. ಪೆನ್ಶನ್ನಿನ ಕಾಗದಗಳನ್ನು ಅವಳು ಕಳಿಸುವುದು ಅಲ್ಲಿಂದಲೇ. ಬಿಳಿ ಹಾಳೆ ಕೇಳಿ ಪಡೆದು ಗಾಜಿನ ಕೌಂಟರಿನ ಮೇಲೆ ನಿಂತೇ ಬರೆದಳು. ಇಂಗ್ಲಿಷಿನಲ್ಲಿ, ಆದರೆ ಸಣ್ಣ ಸಣ್ಣ ವಾಕ್ಯ. ಶ್ರೀ ಗುಣಪಾಲರು ಕೊನೆಯ ಅಳತೆಯನ್ನು ಕಂಡಿದ್ದರು. ಸಣ್ಣ ಗೆರೆಯನ್ನು ಒಪ್ಪಿದರು ಎಂದು ಹೇಳಲು ನನ್ನಿಂದಾಗದು. ನಾನು ಅವರನ್ನು ಕೇಳಲಿಲ್ಲ. ಸ್ಥಿರ ಬೀಜವನ್ನು ಮತ್ತೊಮ್ಮೆ ಅಳೆಯದೆ ಏನನ್ನೂ ಹೇಳಬಾರದು ಎಂಬುದು ಅವರ ಕ್ರಮ. ಅವರ ಗೆರೆಯೊಂದಿಗೆ ಲೇಖನ ಪ್ರಕಟವಾಗಲು ನನ್ನ ಒಪ್ಪಿಗೆ ಇದೆ. ಈ ಎಲ್ಲ ಅಳತೆಗಳಲ್ಲಿ ಸೊನ್ನೆ ಎಂದು ಇರುವುದು ಅವರ ಕೆಲಸ. ಕೊನೆಯ ವಾಕ್ಯವನ್ನು ಹೊಡೆದು ಹಾಕಬೇಕೆನ್ನಿಸಿತು, ಹಾಕಲಿಲ್ಲ. ಸಹಿ ಮಾಡುವಾಗ ಉಗುರಿನ ಸಂದಿಯಲ್ಲಿ ಬೆಳಗ್ಗಿನ ಅಕ್ಕಿಹಾಲು ಒಣಗಿ ಬಿಳಿಯ ಗೀಟಾಗಿ ಕೂತದ್ದು ಕಾಣಿಸಿತು.

ಚಂದ್ರ ಹಾಳೆಯನ್ನು ಯಂತ್ರದೊಳಗೆ ಮಗುಚಿ ಇಟ್ಟು ಮುಚ್ಚಿದ. ಮುಚ್ಚಳದ ಅಂಚಿನಲ್ಲಿ ಬೆಳಕಿನ ಗೆರೆಯೊಂದು ಈ ತುದಿಯಿಂದ ಆ ತುದಿಗೆ ಹೋಯಿತು. ಪರದೆ ನೋಡಿ ಮುಖ ಕಿರಿದು ಮಾಡಿದ. "ಅಲುಗ್ತ್ ಕಾಣತ್ತ್ ಅಮ್ಮ. ಇನ್ನೊಂದ್ ಸಲ ತೆಗಿತೆ, ಆಗ್ದಾ?"

"ತೆಗಿ," ಎಂದಳು ಉಮಾವತಿ. "ತೆಗೀಲೇಬೇಕ್."

ಬೆಳಕು ಮತ್ತೆ ಹೋಯಿತು, ನಿಧಾನವಾಗಿ, ಮೊದಲಿನ ದಾರಿಯಲ್ಲೇ. ಚಂದ್ರ ಎರಡನ್ನೂ ಪಕ್ಕಪಕ್ಕ ತೆರೆದು ನೋಡಿದ. "ಮೊದ್ಲಿದ್ದೂ ಸಮ ಇದ್ದಿತ್. ಸುಮ್ನೆ ಹೆದರ್ದೆ." ಸುಜನ್‌ನ ವಿಳಾಸ ಹಾಕಿ, ಬೆರಳನ್ನು ಕೀಲಿಯ ಮೇಲಿಟ್ಟು ಅವಳ ಕಡೆ ತಿರುಗಿದ. "ಕಳ್ಸ್ಲಾ ಅಮ್ಮ?"

ಆ ಹೊತ್ತಿಗೇ ಚೀಲದಲ್ಲಿ ಫೋನು ಮೊಳಗಿತು. ಗಿರಿಜ. ಮೊದಲ ಸದ್ದಿಗೇ ಎತ್ತಿದಳು. "ಉಮಕ್ಕ, ಎಲ್ಲಿದ್ರಿ? ಎಲೆ ಹಾಕಿತ್ತ್. ನಮ್ ಮಗು ಅಕ್ಷಯಾ ಹೊಟ್ಟೆ ಹಸು ಅಂದೇಳಿ ಮರ್ಕ್‌ತ್ತ್, ನೀವ್ ಹೇಳ್ದೆ ಉಂಬುಕಾತಿಲ್ಲ್ಯಲೆ."

"ಬತ್ತೆ. ಮಗುವಿಗ್ ಹೇಳ್, ಉಣ್ಣು ಅಂದೇಳಿ ಉಮಜ್ಜಿ ಹೇಳಿರ್ ಅಂತ."

ಫೋನು ಚೀಲಕ್ಕೆ ಹಾಕಿದಳು. ಚಂದ್ರನ ಬೆರಳು ಹಾಗೇ ಕಾಯುತ್ತಿತ್ತು. ಅವನ ಹಿಂದಿನ ಗೋಡೆಯಲ್ಲಿ ಯಾವುದೋ ಬಟ್ಟೆ ಅಂಗಡಿಯ ಕ್ಯಾಲೆಂಡರು ಫ್ಯಾನಿನ ಗಾಳಿಗೆ ಒಂದು ಅಂಚು ಎತ್ತಿ ಇಳಿಸುತ್ತಿತ್ತು. ಉಮಾವತಿ ಅದನ್ನು ನೋಡಿದಳು.

"ಗುಣಪಾಲ, ಹೊಸ್ತ್ ಉಂತೆ," ಎಂದಳು.

"ಎಂತ ಅಮ್ಮ?" ಎಂದ ಚಂದ್ರ.

"ಎಂತಿಲ್ಲೆ. ಕಳ್ಸ್."

ಅವನು ಕಳಿಸಿದ.